ಪತ್ತು ಮತ್ತು ಪಹಣಿ: ಘಟ್ಟದ ಮೇಲಿನ ಸಣ್ಣ ರೈತರ ಕೃಷಿ ಸಾಲ

ಸಹಕಾರ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ‘ಪತ್ತು’ ಎಂಬ ಪದವು ಸಾಲವನ್ನಷ್ಟೇ ಸೂಚಿಸುವುದಿಲ್ಲ; ವ್ಯಕ್ತಿಯ ಮೇಲಿನ ನಂಬಿಕೆ ಎಂಬ ಅರ್ಥವೂ ಅದಕ್ಕಿದೆ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಸಣ್ಣ ರೈತರ ಸಾಲದ ಸಮಸ್ಯೆಯನ್ನು ಈ ಎರಡು ಅರ್ಥಗಳ ನಡುವಿನ ಅಂತರದಲ್ಲಿ ಗ್ರಹಿಸಬಹುದು.

1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ವಯ ಗ್ರಾಮೀಣ ಸಂಘಗಳ ಹೊಣೆಗಾರಿಕೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಬಾಧ್ಯರು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಆರಂಭವಾದ ಸಹಕಾರ ಚಳವಳಿ ಘಟ್ಟದ ಸೀಮೆಯಲ್ಲೂ ಬೇರೂರಿತು. 1920ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು, 1923ರಲ್ಲಿ ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಸ್ಥಾಪನೆಗೊಂಡವು.

ಅಡಿಕೆಯ ಆದಾಯ ಕೊಯ್ಲಿನ ನಂತರವೇ ಬರುತ್ತದೆ; ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚು ಅದಕ್ಕಾಗಿ ಕಾಯುವುದಿಲ್ಲ. ಮಾರಾಟ ಸಂಘವು ಸದಸ್ಯನಿಗೆ ಮುಂಗಡ ನೀಡಿ, ಅವನು ತಂದ ಅಡಿಕೆಯ ಮಾರಾಟದ ಹಣದಲ್ಲಿ ಅದನ್ನು ವಸೂಲು ಮಾಡಿಕೊಳ್ಳುತ್ತದೆ. ಇಲ್ಲಿ ಬೆಳೆಯೇ ಭದ್ರತೆ.

ಆದರೆ ಬೆಳೆ ಸಾಲಕ್ಕೆ ಪಹಣಿಯೇ ಆಧಾರ. ಸಾಲದ ಪ್ರಮಾಣ ಎಕರೆವಾರು ನಿಗದಿಯಾಗುವುದರಿಂದ ಹಿಡುವಳಿ ಕಿರಿದಾದಷ್ಟೂ ಸಾಲ ಕಿರಿದಾಗುತ್ತದೆ. ಅವಿಭಕ್ತ ಖಾತೆಯಲ್ಲಿ ತೀರಿಹೋದ ಹಿರಿಯರ ಹೆಸರೇ ಉಳಿದಿದ್ದರೆ, ದುಡಿಯುವವನು ದಾಖಲೆಯಲ್ಲಿ ಕಾಣಿಸುವುದೇ ಇಲ್ಲ. ಈ ತಾಲೂಕುಗಳಲ್ಲಿ ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟದ ಸೌಲಭ್ಯವಿದ್ದರೂ, ಅದು ಸೊಪ್ಪು–ದರಕು ಪಡೆಯುವ ಹಕ್ಕೇ ಹೊರತು ಅಡವಿಡಬಹುದಾದ ಒಡೆತನವಲ್ಲ.

ಅರಣ್ಯ ಅತಿಕ್ರಮಣ ಜಮೀನಿನ ಸಾಗುವಳಿದಾರರ ಸ್ಥಿತಿ ಇನ್ನೂ ಕಠಿಣ. 2006ರ ಅರಣ್ಯ ಹಕ್ಕು ಕಾಯಿದೆಯು ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸದ ಪುರಾವೆ ಕೇಳುತ್ತದೆ. ಮಂಜೂರಾದ ಹಕ್ಕು ವಂಶಪಾರಂಪರ್ಯವಾಗಿ ಸಲ್ಲುತ್ತದೆ, ಪರಭಾರೆ ಮಾಡುವಂತಿಲ್ಲ. ಆದ್ದರಿಂದ ಅದು ಅಡಮಾನಕ್ಕೆ ಒದಗದು.

ರಾಜ್ಯ ಸರಕಾರವು 2023–24ರಲ್ಲಿ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೂ, ರಿಸರ್ವ್ ಬ್ಯಾಂಕು 2025ರ ಜನವರಿಯಿಂದ ಅಡಮಾನರಹಿತ ಕೃಷಿ ಸಾಲದ ಮಿತಿಯನ್ನು 2 ಲಕ್ಷ ರೂಪಾಯಿಗೂ ಏರಿಸಿದವು. ಸಾಲದ ಬಾಗಿಲು ದಾಟಿದವನಿಗೆ ಇವು ನಿಜವಾದ ನೆರವು. ದಾಖಲೆಯಿಲ್ಲದವನು ಬಾಗಿಲಾಚೆಯೇ ಉಳಿಯುತ್ತಾನೆ. ಹೀಗಾಗಿ ಮುಖ್ಯವಾದುದು ಬಡ್ಡಿಯ ಪ್ರಶ್ನೆಗಿಂತ ಗುರುತಿನ ಪ್ರಶ್ನೆ. ಗೇಣಿದಾರರಿಗೂ ಸಣ್ಣ ರೈತರಿಗೂ ಪರಸ್ಪರ ಜಾಮೀನಿನ ಮೇಲೆ ಸಾಲ ಒದಗಿಸುವ ಜಂಟಿ ಬಾಧ್ಯತಾ ಗುಂಪುಗಳು 1904ರ ತತ್ತ್ವವನ್ನೇ ನೆನಪಿಸುತ್ತವೆ. ಪಹಣಿ ಇಲ್ಲದೆಡೆ ಸಾಗುವಳಿಯನ್ನೂ ನೆರೆಯವರ ಹೊಣೆಯನ್ನೂ ಪುರಾವೆಯಾಗಿ ಒಪ್ಪಿದಾಗ ಮಾತ್ರ ‘ಪತ್ತು’ ತನ್ನ ಮೂಲಾರ್ಥಕ್ಕೆ ಮರಳುತ್ತದೆ.