ರೇಡಿಯೋ ನಿಯಂತ್ರಿತ ಕಸರತ್ತು ಮಾದರಿ ವಿಮಾನ

ರೇಡಿಯೋ ನಿಯಂತ್ರಿತ ಕಸರತ್ತು ಮಾದರಿ ವಿಮಾನವು ನೆಲದ ಮೇಲೆ ನಿಂತವರು ರೇಡಿಯೋ ಅಲೆಗಳ ಮೂಲಕ ನಡೆಸುವ, ಲಾಗ ಹಾಕುವ, ಉರುಳುವ ಹಾಗೂ ತಲೆಕೆಳಗಾಗಿ ಹಾರಬಲ್ಲ ಕಿರುವಿಮಾನವಾಗಿದೆ.

ರಚನೆ ಮತ್ತು ಹಾರಾಟ

ಒಡಲಿಗೂ ರೆಕ್ಕೆಗೂ ಹಗುರವಾದ ಬಾಲ್ಸಾ ಮರ ಹಾಗೂ ತೆಳು ಪ್ಲೈವುಡ್ ಬಳಸುವುದುಂಟು. ತರಬೇತಿ ಮಾದರಿಗಳಲ್ಲಿ ರೆಕ್ಕೆಯ ತಳ ಸಾಮಾನ್ಯವಾಗಿ ಚಪ್ಪಟೆಯಾಗಿದ್ದರೆ, ಇದರಲ್ಲಿ ಮೇಲೂ ಕೆಳಗೂ ಸಮನಾಗಿ ಉಬ್ಬಿರುತ್ತದೆ. ಆದ್ದರಿಂದಲೇ ಮಗುಚಿದಾಗಲೂ ಮೂತಿಯನ್ನು ತುಸು ಎತ್ತಿ ಹಿಡಿದರೆ ಎತ್ತುವ ಬಲ ದೊರೆಯುತ್ತದೆ. ಆಗ ನಿಯಂತ್ರಕದ ಕಡ್ಡಿಯನ್ನು ಮುಂದಕ್ಕೆ ದೂಡಬೇಕು. ಅಭ್ಯಾಸಬಲದಿಂದ ಹಿಂದಕ್ಕೆಳೆದರೆ ವಿಮಾನವು ನೆಲದತ್ತ ಧಾವಿಸುತ್ತದೆ.

ಕಟ್ಟುವಾಗ ಅತ್ಯಂತ ಎಚ್ಚರ ಬೇಡುವುದು ಗುರುತ್ವ ಕೇಂದ್ರ. ಅದು ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಶೇಕಡ 25ರಿಂದ 33ರ ನಡುವೆ ಇರಬೇಕು. ಹಿಂದೆ ಸರಿದಷ್ಟೂ ವಿಮಾನ ಚುರುಕಾಗುತ್ತದೆ, ಅತಿಯಾದರೆ ಹಿಡಿತಕ್ಕೇ ಸಿಗದು. ಬ್ಯಾಟರಿಯನ್ನು ಹಿಂದೆಮುಂದೆ ಸರಿಸಿ ಇದನ್ನು ಹೊಂದಿಸುತ್ತಾರೆ.

ಬೆಂಗಳೂರಿನಲ್ಲಿ

ಮಲ್ಲೇಶ್ವರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗವು 1942ರಲ್ಲಿ ಆರಂಭವಾಯಿತು. ಅದನ್ನು ಮುನ್ನಡೆಸಿದ್ದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು 1951ರಲ್ಲಿ. ಇಂಥ ಊರಿನಲ್ಲಿ ಮಕ್ಕಳಿಗೆ ಈ ಹವ್ಯಾಸ ಹತ್ತುವುದು ಸಹಜವೇ. ಬಸವನಗುಡಿ, ಚಾಮರಾಜಪೇಟೆಗಳ ಮಹಡಿ ಕೋಣೆಯಲ್ಲಿ ವಿಮಾನ ಕಟ್ಟಬಹುದು. ಅಲ್ಲಿನ ಮೈದಾನಗಳಲ್ಲಿ ಹಾರಿಸುವುದು ಮಾತ್ರ ಸಲ್ಲದು. ಸುತ್ತಲೂ ಮನೆ, ವಿದ್ಯುತ್ ತಂತಿ, ಆಡುವ ಮಕ್ಕಳು. ತಿರುಗುವ ಪ್ರೊಪೆಲ್ಲರ್ ಬೆರಳನ್ನೇ ಕತ್ತರಿಸಬಲ್ಲದು. ನಗರದ ಹೊರಗಿನ ಬಯಲಿನಲ್ಲೂ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಮಾದರಿ ವಿಮಾನದ ಒಟ್ಟು ತೂಕ 25 ಕಿಲೋಗ್ರಾಂ ಮೀರದಿರಬೇಕು, ಅದು ಹಾರಿಸುವವರ ಕಣ್ಣಿಗೆ ಕಾಣುತ್ತಲೇ ಇರಬೇಕು. ವಿಮಾನ ನಿಲ್ದಾಣದ ಸಮೀಪವಾದರೆ ಮುಂಚಿತವಾಗಿ ಅನುಮತಿ ಪಡೆಯಬೇಕು.