ನಿಮಗಿದು ಗೊತ್ತೆ?: ಹಳಿಯಿಲ್ಲದ ರಾಜ್ಯವೂ ಹಣ ಕೊಟ್ಟ ರೈಲು

ಕೊಂಕಣ ರೈಲಿನ ಹಳಿ ಕೇರಳದಲ್ಲಿ ಒಂದು ಗೇಣೂ ಇಲ್ಲ. ಮಹಾರಾಷ್ಟ್ರದ ರೋಹಾದಿಂದ ಹೊರಟ ಮಾರ್ಗ ಮಂಗಳೂರಿನ ಬಳಿಯ ತೋಕೂರಿನಲ್ಲೇ ಮುಗಿಯುತ್ತದೆ. ಆದರೂ ಇದನ್ನು ಕಟ್ಟಲು ಕೇರಳ ಬಂಡವಾಳ ಹೂಡಿತು!

ಕೇವಲ ರೈಲ್ವೆ ಬಜೆಟ್ಟನ್ನು ನೆಚ್ಚಿದ್ದರೆ ಕೆಲಸಕ್ಕೆ ಎಷ್ಟು ದಶಕ ಹಿಡಿಯುತ್ತಿತ್ತೋ. ಅದಕ್ಕೇ 1990ರಲ್ಲಿ ಪ್ರತ್ಯೇಕ ನಿಗಮ ಹುಟ್ಟಿತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ಸಚಿವರು. ನಿಗಮದ ಚುಕ್ಕಾಣಿ ಹಿಡಿದವರು ಇ. ಶ್ರೀಧರನ್. ಮೂಲ ಷೇರು ಬಂಡವಾಳದಲ್ಲಿ ರೈಲ್ವೆಯದು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ತನ್ನ ಜನ ಮುಂಬೈಗೆ ಬೇಗ ತಲುಪುವ ದಾರಿಯಿದು ಎಂದು ಕೇರಳ ಕೈಜೋಡಿಸಿದ್ದು ನಿಜಕ್ಕೂ ದೊಡ್ಡ ಮಾತು. ಉಳಿದ ಹಣದ ಬಹುಪಾಲು ಬಂದದ್ದು ಸಾರ್ವಜನಿಕರಿಗೆ ಮಾರಿದ ಬಾಂಡುಗಳಿಂದ, ಅಂದರೆ ಸಾಲದಿಂದ.

ಮೊದಲು ರೈಲು ಕಂಡದ್ದು ನಮ್ಮ ಕರಾವಳಿಯೇ. 1993ರಲ್ಲಿ ಮಂಗಳೂರು–ಉಡುಪಿ ಭಾಗ ತೆರೆಯಿತು. ಹೊನ್ನಾವರದಲ್ಲಿ ಶರಾವತಿಗೆ ಅಡ್ಡಲಾಗಿ ಕಟ್ಟಿದ ಸೇತುವೆ ಎರಡು ಕಿ.ಮೀ.ಗೂ ಉದ್ದ, ಇಡೀ ಮಾರ್ಗಕ್ಕೇ ಅತಿ ಉದ್ದದ್ದು. ಮಳೆಗಾಲದಲ್ಲಿ ಕುಸಿಯುವ ಗುಡ್ಡ, ಸುರಂಗದೊಳಗೆ ಸುರಿಯುವ ಮೆದು ಮಣ್ಣು, ಕೆಲಸಗಾರರ ಪ್ರಾಣಹಾನಿ, ಇವನ್ನೆಲ್ಲ ದಾಟಿ ಸುಮಾರು 740 ಕಿ.ಮೀ. ಮಾರ್ಗ 1998ರ ಜನವರಿಯಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು.