ತಾತನ ಕಿವಿ ಮಂದವಾಯ್ತಾ? ಸುಮ್ಮನಿರಬೇಡಿ

"ವಯಸ್ಸಾಯ್ತು, ಕಿವಿ ಮಂದ, ಬಿಡಿ." ಹೊಸೂರು, ತಳಿ, ಬಾಗಲೂರು ಕಡೆ ಎಷ್ಟೋ ಮನೆಗಳಲ್ಲಿ ಇದೇ ಮಾತು. ಸಿಪ್‌ಕಾಟ್ ಕಾರ್ಖಾನೆಗಳ ಸದ್ದಿನಲ್ಲಿ ದುಡಿದವರಿಗೆ ಇನ್ನೂ ಬೇಗ ಹೀಗಾಗಬಹುದು.

ಕಿವಿ ಸರಿಯಾಗಿ ಕೇಳದಿದ್ದರೆ ಪ್ರತಿ ಮಾತನ್ನೂ ಊಹಿಸೋಕೆ ಮಿದುಳು ಒದ್ದಾಡುತ್ತೆ. ದಣಿದ ಹಿರಿಯರು ಮಾತು ಬಿಡ್ತಾರೆ, ಮದುವೆ-ಜಾತ್ರೆ ಬಿಡ್ತಾರೆ, ಒಂಟಿಯಾಗ್ತಾರೆ. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಮರೆವಿನ ಕಾಯಿಲೆಯ 14 ಅಪಾಯಗಳಲ್ಲಿ ಕಿವಿ ಮಂದವಾಗೋದೂ ಒಂದು.

ಹಾಗಾದ್ರೆ ಕಿವಿ ಮಷೀನು ಮರೆವಿಗೆ ಮದ್ದಾ? ಅಲ್ಲ. ಆದರೆ ಅಮೆರಿಕದ 'ಅಚೀವ್' ಅಧ್ಯಯನ 2023ರಲ್ಲಿ ತೋರಿಸಿದ್ದು ಇದು: ಮರೆವಿನ ಅಪಾಯ ಹೆಚ್ಚಿದ್ದ ಹಿರಿಯರಲ್ಲಿ, ಕಿವಿ ಮಷೀನು ಹಾಕಿಕೊಂಡವರಿಗೆ 3 ವರ್ಷದ ಬುದ್ಧಿಶಕ್ತಿಯ ಕುಸಿತ 48% ನಿಧಾನವಾಯ್ತು. ಆರೋಗ್ಯವಾಗಿದ್ದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಮೊದಲು ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಕೆಲವರಿಗೆ ಗುಗ್ಗೆ ತೆಗೆದರೇ ಸಾಕು! ಇಲ್ಲದಿದ್ದರೆ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ಮಾಡಿಸಿ, ಅದಕ್ಕೆ ತಕ್ಕಂತೆ ಹೊಂದಿಸಿದ ಮಷೀನು ಹಾಕಿಸಿ. ಶುರುವಿನಲ್ಲಿ ಪಾತ್ರೆ ಸದ್ದೂ ಜೋರಾಗಿ ಕೇಳುತ್ತೆ. ದಿನಾ ಹಾಕಿದರೆ ಒಗ್ಗುತ್ತೆ.

ದಿಢೀರನೆ ಕಿವಿ ಕೇಳದಾದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಓಡಿ.

ದುಡ್ಡಿನ ಚಿಂತೆಯಾ? 60 ದಾಟಿದ ಬಡವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಮಷೀನು ಉಚಿತ. ಶಿಬಿರ ಯಾವಾಗ ಅಂತ ಕೃಷ್ಣಗಿರಿ ಕಲೆಕ್ಟರ್ ಆಫೀಸಿನಲ್ಲಿ ವಿಚಾರಿಸಿ.